ಪುಕ್ಕಟೆ ಪಟ್ಟಣ

ರಾಯದುರ್ಗದಲ್ಲಿ ರಾತ್ರಿ ಪಾಳಿ ಮುಗಿದು
ನಲವತ್ತು ಮಿಷನ್ನು ಒಮ್ಮೆಲೇ ಬಾಯಿ ಮುಚ್ಚಿದ ಮೇಲೆ
ಪ್ಯಾಟರ್ನ್ ಹಾಕುವ ಕಂಪ್ಯೂಟರಿನ ಮುಂದೆ ಕೂರುತ್ತೇನೆ.
ಉಗುರಿನ ಸಂದಿಯ ನೀಲಿ ಇನ್ನೂ ಹೋಗಿಲ್ಲ.
ಸಾವಕಾರರಿಗೆ ಗೊತ್ತು. ಗೊತ್ತಿಲ್ಲದವರ ಹಾಗೆ
ಬೀಗದ ಕೈ ಮೊಳೆಗೆ ನೇತುಹಾಕಿ ಹೋಗುತ್ತಾರೆ.

ಹದಿನೈದು ವರ್ಷ ಸತ್ತಂತೆ ಮಲಗಿದ್ದ ಆಟ
ಎದ್ದು ಬಂದಿದೆ, ಈಗ ಬಿಟ್ಟಿ.
ಚಕ್ರದ ಹಲಗೆ, ಒಂದು ಊರು, ಊರ ತುಂಬ ಇಳಿಜಾರು.
ದುಡ್ಡು ಬೇಡವಂತೆ.
ಬೇಡ ಅನ್ನುವವನ ಅಂಗಡೀಲಿ
ತಕ್ಕಡಿ ಎಲ್ಲಿಟ್ಟಿದಾನೆ ನೋಡು, ಅನ್ನುತ್ತಿದ್ದಳು
ನಮ್ಮತ್ತೆ ಹಂಪಮ್ಮ.

ಒಳ್ಳೆಯದನ್ನು ಮೊದಲು ಹೇಳಬೇಕು.
ಎಡದ ಗುಬಟು ಮೈ, ಬಲದ ಗುಬಟು ಪಾದ.
ಹೆಬ್ಬೆರಳು ಕೆಳಗೆಳೆದು ತಟ್ಟನೆ ಮೇಲೆ ಚಿಮ್ಮಿದರೆ
ಹಲಗೆ ನೆಲ ಬಿಡುತ್ತದೆ.
ಇದೊಂದನ್ನು ಕೆಡಿಸಿಲ್ಲ ಪುಣ್ಯಾತ್ಮರು.
ಸೂಜಿಗೆ ಬಟ್ಟೆ ಕೊಡುವಾಗ
ಎಳೆಯಬಾರದು, ನೂಕಬಾರದು, ಜೊತೆಗೆ ಹೋಗಬೇಕು.
ಅದೇ ಹದ.
ಹತ್ತು ಸಲ ಬಿದ್ದು, ಮತ್ತೊಂದು ಸಲ
ಕಬ್ಬಿಣದ ಕಟಾಂಜನದ ಮೇಲೆ ಕರ್ರನೆ ಜಾರಿ ಇಳಿದಾಗ
ಕುರ್ಚಿಯಲ್ಲೇ ನನ್ನ ಮೊಣಕಾಲು ಬಾಗುತ್ತದೆ.
ನಿಜದ ಹಲಗೆಯನ್ನು ಈ ಕಾಲು ಮುಟ್ಟಿಲ್ಲ.
ನಮ್ಮೂರಲ್ಲಿ ಅಷ್ಟು ನುಣುಪು ನೆಲ ಬೇಕೆಂದರೆ
ಕಲ್ಯಾಣಮಂಟಪದ ಒಳಗೇ ಹೋಗಬೇಕು.

ಕಲಿಸಿದವನು ವನ್ನೂರಸಾಬ.
ಬಳ್ಳಾರಿ, ಕೌಲ್ ಬಜಾರಿನ ಮಹಡಿ, ಗಂಟೆಗೆ ಹದಿನೈದು ರೂಪಾಯಿ,
ಹರಿದ ಸೋಫಾ, ಇಬ್ಬರ ನಡುವೆ ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ.
ಆ ಹಳೆಯ ಆಟದ ಊರಿಗೆ ಕೊಳೆಯಿತ್ತು.
ಕಾವಲುಗಾರ ಅಟ್ಟಿಸಿಕೊಂಡು ಬರುತ್ತಿದ್ದ,
ಬಿದ್ದರೆ ಎಲುಬು ಲಟ್ಟೆನ್ನುತ್ತಿತ್ತು,
ಯಾವ ಎಲುಬು ಅಂತ ಚಿತ್ರ ಬೇರೆ.
ನಕ್ಕು ನಕ್ಕು ಮಂಡಕ್ಕಿ ಮೂಗಿಗೇರುತ್ತಿತ್ತು.

ಈ ಹೊಸ ಊರು ಈಗತಾನೆ ಇಸ್ತ್ರಿ ಮಾಡಿದ ಹಾಗಿದೆ.
ಮೂಲೆಯಲ್ಲಿ ಎಲೆಯಡಿಕೆಯ ಕೆಂಪಿಲ್ಲ, ನಾಯಿಯಿಲ್ಲ.
ನಮ್ಮಲ್ಲಿ ಬೋರ್ಡು ತೆಲುಗು, ಬೈಗಳು ಕನ್ನಡ;
ಅಲ್ಲಿ ಬೈಯುವವರೇ ಇಲ್ಲ.
ನೆಗೆದರೂ ಶಹಬ್ಬಾಸ್, ಬಿದ್ದರೂ ಶಹಬ್ಬಾಸ್.
ದಾರಿ ತೋರಿಸುವ ಯಂತ್ರವೊಂದು ಕಿವಿಯಲ್ಲಿ ಹರಟುತ್ತದೆ,
ಅದರ ಬಾಯಿ ಕಟ್ಟುವ ಗುಂಡಿ ಹುಡುಕಲು
ಎರಡು ರಾತ್ರಿ ಹಿಡಿಯಿತು.

ಆಮೇಲೆ ಅಂಗಡಿ.
ಅಲ್ಲೊಂದು ಜೀನ್ಸು ತೂಗುಹಾಕಿದ್ದಾರೆ, ಎಂಟುನೂರು ರೂಪಾಯಿ.
ತಿರುಗಿಸಿ ನೋಡಿದೆ, ಕಸುಬಿನ ಕಣ್ಣು ಸುಮ್ಮನಿರುವುದಿಲ್ಲ.
ಹಿಂಜೇಬಿಗೆ ಜೋಡಿಹೊಲಿಗೆಯಿಲ್ಲ,
ಒಳಮಗ್ಗುಲು ಎಂಬುದೇ ಇಲ್ಲ,
ಕಾಲಿನ ಮೇಲೆ ಬಣ್ಣ ಬಳಿದಿದ್ದಾರೆ ಅಷ್ಟೆ.
ಇಲ್ಲಿ ಹಿಂಜೇಬು ಜೋಡಿಗೆ ಮೂರೂವರೆ.
ಲೆಕ್ಕ ಹಾಕಬಾರದಿತ್ತು. ಹಾಕಿದೆ.
ಇನ್ನೂರ ಇಪ್ಪತ್ತೊಂಬತ್ತು ಪ್ಯಾಂಟಿಗೆ ನಾನು ಜೇಬು ಕೂರಿಸಿದರೆ
ಆ ಗೊಂಬೆಗೊಂದು ಇಲ್ಲದ ಪ್ಯಾಂಟು.

ನೆಟ್ಟು ಹೋದರೆ ಊರೇ ಹೋಗುತ್ತದೆ, ಅದು ಇನ್ನೊಂದು.
ಮಂಗಳವಾರ ಮೆಟ್ಟಿಲ ಸಾಲಿನ ಮೇಲೆ ಗಾಳಿಯಲ್ಲಿದ್ದೆ,
ಹಲಗೆ ಪಾದದಡಿ ತಿರುಗುತ್ತಿತ್ತು.
ಪೈಪಿಗೆ ನೆಲ ಅಗೆಯುವವರು ಎಲ್ಲೋ ಕೇಬಲ್ಲು ಕಿತ್ತರು.
ನಾನಿನ್ನೂ ಇಳಿದಿಲ್ಲ.
ಒಬ್ಬನೇ ಆಡುವುದಕ್ಕೂ ಯಾವುದೋ ದೇಶದ ಅಪ್ಪಣೆ ಬೇಕು.
ಬಳ್ಳಾರಿಯ ಆ ಗೀರುಬಿದ್ದ ಡಿಸ್ಕನ್ನು
ವನ್ನೂರ ಅಂಗಿಯ ತುದಿಯಲ್ಲಿ ಒರೆಸಿದರೆ ಓಡುತ್ತಿತ್ತು.

ಆದರೂ ಒಂದು ರಾತ್ರಿ, ಎರಡು ಗಂಟೆ,
ಓದಲಾಗದ ಲಿಪಿಯ ಹೆಸರಿನವನೊಬ್ಬ
ನಾನು ಅದೇ ಗೋಡೆಗೆ ಆರು ಸಲ ಬಡಿದುಕೊಳ್ಳುವುದನ್ನು ನೋಡಿದ.
ಮಾತಿಲ್ಲ. ಒಂದು ಇಳಿಜಾರು ತಂದು
ಗೋಡೆಗೆ ಆನಿಸಿಟ್ಟ. ಸರಿದು ನಿಂತ.
ನಾನು ದಾಟಿದೆ. ತಿರುಗಿ ನೋಡುವಷ್ಟರಲ್ಲಿ ಅವನಿಲ್ಲ.

ವನ್ನೂರ ಈಗ ಕದಿರಿಯ ಕಡೆ ಬೋರ್‌ವೆಲ್ ಲಾರಿ ಓಡಿಸುತ್ತಾನೆ.
ಫೋನಿನಲ್ಲಿ ಕೇಳಿದ, ಹೆಂಗೈತಲೇ?
ಕಾಲು ಚೆನ್ನಾಗೈತಿ, ಊರು ಸರಿಯಿಲ್ಲ ಅಂದೆ.
ಹಿಂದೆ ಕೊರೆಯುವ ಸದ್ದು. ಕೇಳಿಸಿತೋ ಇಲ್ಲವೋ.

ಇವತ್ತು ಬೆಳಗ್ಗೆ ನೂರನೆಯದೋ ಎಷ್ಟನೆಯದೋ ಜೇಬು,
ಬಟ್ಟೆಯ ಮೇಲಿದ್ದ ಬಲ ಹೆಬ್ಬೆರಳು ತಾನಾಗಿ
ಕೆಳಗೆಳೆದು ಚಿಮ್ಮಿತು.
ನೂಲು ತುಂಡಾಯಿತು.
ಎದುರು ಮಿಷನ್ನಿನ ಸುಂಕಮ್ಮ ತಲೆಯೆತ್ತಿದಳು:
ಏಮಯ್ಯಾ, ರಾತ್ರಿ ನಿದ್ದಿಲ್ಲೇನು?